ವಾಡೆಯ ಹಿತ್ತಿಲ ಪ್ರೇಮದಾಟ

‘ಸ್ವಲ್ಪ ನಾಚ್ಕೋರಿ ಮೇಡಂ. ಗೌಡ್ರು ಒಳಗ ಅದಾರ ಅಂತ ತಿಳ್ಕೋರಿ.’

ಫೋಟೊಗ್ರಾಫರ್ ಹೀಗೆಂದದ್ದೇ ತಡ, ಮೊರ ಹಿಡಿದು ನಿಂತಿದ್ದ ಹುಡುಗಿ ನಾಚುವ ಬದಲು ನಕ್ಕುಬಿಟ್ಟಳು. ಮೈಮೇಲೆ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ. ಮೊಬೈಲನ್ನು ತಾಯಿಯ ಕೈಗೆ ದಾಟಿಸಿ ಮೊರ ಇಸಿದುಕೊಂಡಿದ್ದಳು. ಎದುರಿಗೆ ಧೋತರ ಉಟ್ಟು ಪಟಗಾ ಸುತ್ತಿಕೊಂಡ ಹುಡುಗ, ಹೆಗಲ ಮೇಲೆ ಬಾರಕೋಲು. ಇಬ್ಬರಿಗೂ ಮುಂದಿನ ತಿಂಗಳು ಲಗ್ನ. ಅದಕ್ಕೆ ಮುಂಚೆ ತೆಗೆಸುವ ಫೋಟೊಗಳಿಗೆ ಅವರು ಆರಿಸಿಕೊಂಡ ಜಾಗ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್, ಆರಿಸಿಕೊಂಡ ವೇಷ ಗೌಡರ ಮನೆಯ ಆಳುಮಕ್ಕಳದು. ಬೆಳ್ಳಿ ಬಣ್ಣದ ದೊಡ್ಡ ಹಾಳೆಯೊಂದನ್ನು ಬಿಸಿಲಿಗೆ ಹಿಡಿದು, ಹುಡುಗಿಯ ಮುಖಕ್ಕೆ ಬೆಳಕು ಬೀಳುವಂತೆ ಓರೆ ಮಾಡುತ್ತ ಇನ್ನೊಬ್ಬ ಹುಡುಗ ನಿಂತಿದ್ದ. ಅವನನ್ನು ಯಾರೂ ನೋಡುತ್ತಿರಲಿಲ್ಲ. ಮೊದಲಿಗೆ ನಾನೂ ನೋಡಲಿಲ್ಲ.

ಶಿಗ್ಗಾವಿ ತಾಲ್ಲೂಕಿನ ಈ ಗೊಟಗೋಡಿ ಹೆದ್ದಾರಿಯ ಮೇಲಿನ ಸಣ್ಣ ಊರು. ಬೆಂಗಳೂರು–ಪುಣೆ ಬಸ್ಸಿನಲ್ಲಿ ಕೂತವರಿಗೆ ಹುಬ್ಬಳ್ಳಿ ಹತ್ತಿರವಾಯಿತು ಎಂಬ ಸೂಚನೆ, ಅಷ್ಟೇ. ಆದರೆ ಎರಡು ಕಾರಣಕ್ಕೆ ಇದರ ಹೆಸರು ದೂರ ಹೋಗಿದೆ. ಒಂದು, 2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ. ಇನ್ನೊಂದು, ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಈ ಸಿಮೆಂಟಿನ ಹಳ್ಳಿ. ಇಲ್ಲಿ ಕಮ್ಮಾರ ಕಬ್ಬಿಣ ಬಡಿಯುತ್ತಾನೆ, ಕುಂಬಾರ ತಿಗರಿ ತಿರುಗಿಸುತ್ತಾನೆ, ಹಡಪದವನು ಗಡ್ಡ ಹೆರೆಯುತ್ತಾನೆ. ಎಲ್ಲ ಆಳೆತ್ತರದ ಗೊಂಬೆಗಳು. ಒಂದರ ಮುಖ ಇನ್ನೊಂದಕ್ಕಿಲ್ಲ. 2020ರಲ್ಲಿ ತೀರಿಕೊಂಡಾಗ ಸೊಲಬಕ್ಕನವರ ಬಯಲಾಟ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ದೊಡ್ಡಾಟದ ಹುಚ್ಚು ಅವರಿಗೆ ಚಿತ್ರಕಲೆಯಷ್ಟೇ ಇತ್ತು. ಅದು ಗೊತ್ತಿದ್ದರೆ ಈ ಗೊಂಬೆಗಳನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಇವು ಸುಮ್ಮನೆ ನಿಂತ ಮೂರ್ತಿಗಳಲ್ಲ. ಮಾತಾಡುತ್ತ ಆಡುತ್ತ ಇದ್ದಾಗ ಯಾರೋ ‘ಹಾಂ, ಹಂಗ ನಿಲ್ಲು’ ಎಂದಹಾಗೆ ತಡೆದು ನಿಂತಿವೆ. ಒಂದೇ ಕೊರತೆ, ಮಾತು ಮುಂದುವರಿಯುವುದಿಲ್ಲ. ಗೌಡರ ವಾಡೆಯಲ್ಲಿ ದುಡಿಯುವ ಸಿಮೆಂಟಿನ ಹೆಣ್ಣಾಳಿನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ.

ಮೊರ ಹಿಡಿದ ಹುಡುಗಿ ಹತ್ತು ನಿಮಿಷ ಮಾಡಿದ್ದನ್ನು ನಾಲ್ಕಾರು ದಿನ ಸತತವಾಗಿ ಮಾಡುವ ಜನ ಯುರೋಪಿನಲ್ಲಿದ್ದಾರೆ. ಅವರು ಅದನ್ನು ಲಾರ್ಪ್ ಎನ್ನುತ್ತಾರೆ. ನಾವು ವೇಷದಾಟ ಎನ್ನೋಣ. ಅದು ನಾಟಕವಲ್ಲ, ನಾಟಕಕ್ಕೆ ನೋಡುವವರು ಬೇಕು, ಇಲ್ಲಿ ನೋಡುವವರೇ ಇಲ್ಲ, ಇರುವವರೆಲ್ಲ ಆಡುವವರು. ಬರೆದ ಮಾತೂ ಇಲ್ಲ. ಆಟಕ್ಕೆ ಮುಂಚೆ ಪ್ರತಿಯೊಬ್ಬರಿಗೂ ಒಂದು ಪಾತ್ರದ ವಿವರ ಬರುತ್ತದೆ: ನೀನು ಇಂಥ ಊರಿನವಳು, ಅಡುಗೆಮನೆಯ ಕೆಲಸದವಳು, ಕುದುರೆ ನೋಡಿಕೊಳ್ಳುವವನ ಮೇಲೆ ನಿನಗೆ ಮನಸ್ಸು, ಅವನಿಗೆ ಅದು ಗೊತ್ತಿಲ್ಲ. ಮುಂದಿನದನ್ನು ನಿನ್ನ ಬುದ್ಧಿ, ನಿನ್ನ ಬಾಯಿ ನೋಡಿಕೊಳ್ಳಬೇಕು. 1982ರಲ್ಲಿ ಇಂಗ್ಲೆಂಡಿನ ಪೆಕ್‌ಫೋರ್ಟನ್ ಕೋಟೆಯಲ್ಲಿ ಕತ್ತಿ, ರಾಕ್ಷಸ, ನಿಧಿ ಎಂದು ಇಂಥದೊಂದು ಆಟ ಶುರುವಾಗಿತ್ತು. ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಆಡುವವರ ಆಸೆ ರಾಕ್ಷಸರಲ್ಲಿ ನಿಲ್ಲಲಿಲ್ಲ. ಸಂಸಾರ, ಸಾವು, ಪ್ರೀತಿ, ಬಡತನಗಳನ್ನೂ ಆಡಿ ನೋಡತೊಡಗಿದರು. 1997ರಲ್ಲಿ ಆಸ್ಲೋದಲ್ಲಿ ಇದಕ್ಕೆಂದೇ ಸಮ್ಮೇಳನವೂ ಆಯಿತು.

2015ರ ನವೆಂಬರಿನಲ್ಲಿ ಪೋಲೆಂಡಿನ ಮೊಶ್ನಾ ಅರಮನೆಯಲ್ಲಿ ‘ಫೇರ್‌ವೆದರ್ ಮ್ಯಾನರ್’ ಎಂಬ ಆಟ ನಡೆಯಿತು. ‘ಡೌನ್‌ಟನ್ ಅಬೇ’ ಧಾರಾವಾಹಿ ನೋಡಿದವರಿಗೆ ಅದರ ಹದ ತಕ್ಷಣ ತಿಳಿದೀತು. ಮೊದಲ ಮಹಾಯುದ್ಧದ ಹೊತ್ತಿನ ಇಂಗ್ಲಿಷ್ ದೊಡ್ಡಮನೆ; ಮೇಲಿನ ಅಂತಸ್ತಿನಲ್ಲಿ ಧಣಿಗಳು, ಕೆಳಗೆ ಸೇವಕರು. ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಇಷ್ಟು: ಸೇವಕರ ಪಾತ್ರ ಕೇಳಿ ಪಡೆದವರು ಸುಮ್ಮನೆ ಬಿಳಿ ಅಂಗಿ ತೊಟ್ಟು ಓಡಾಡಲಿಲ್ಲ. ನಿಜವಾಗಿಯೇ ತಟ್ಟೆ ಹೊತ್ತರು, ಬಡಿಸಿದರು, ಗಂಟೆ ಬಾರಿಸಿದಾಗ ಎದ್ದು ಓಡಿದರು. ಅದಕ್ಕಾಗಿ ಅವರು ಹಣ ಪಡೆಯಲಿಲ್ಲ, ಕೊಟ್ಟಿದ್ದರು.

ಇದನ್ನು ಮೊದಲ ಸಲ ಓದಿದಾಗ ನನಗೆ ಬಂದದ್ದು ಸಿಟ್ಟು. ನಮ್ಮಜ್ಜಿಯ ತಲೆಮಾರಿನವರು ಕೈ ಮುಗಿದು ಬಿಟ್ಟುಬಂದ ಕೆಲಸವನ್ನು ಕಾಸು ಕೊಟ್ಟು ಮಾಡುತ್ತಾರಲ್ಲ! ಆದರೆ ಸಿಟ್ಟು ಇಳಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಹಾಗೆ ಆಡಿದವರು ಧಣಿಯ ಮಗಳ ಪ್ರೀತಿಗಿಂತ ಪಾತ್ರೆ ತೊಳೆಯುವವಳ ಪ್ರೀತಿ ಆಡಲು ಹೆಚ್ಚು ಚೆಂದ ಎನ್ನುತ್ತಾರಂತೆ. ಯಾಕೆ?

ಉತ್ತರ ಪುರುಸೊತ್ತಿನಲ್ಲಿದೆ ಎಂದು ನನ್ನ ಊಹೆ. ಧಣಿಗಳಿಗೆ ಪುರುಸೊತ್ತು ಬೇಕಾದಷ್ಟು, ಹಾಗಾಗಿ ಅವರ ಪ್ರೀತಿಗೆ ಅವಸರವಿಲ್ಲ. ಆಳುಗಳಿಗೆ ಎರಡು ಗಂಟೆಬಡಿತಗಳ ನಡುವಿನ ಐದು ನಿಮಿಷ ಮಾತ್ರ. ಮೆಟ್ಟಿಲ ತಿರುವಿನಲ್ಲಿ ಕೈಗೆ ಕೈ ತಾಗಿದರೆ ಅದೇ ಒಂದು ಅಧ್ಯಾಯ. 1911ರ ಜನಗಣತಿಯ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆಗೆಲಸದಲ್ಲಿದ್ದರು. ಹೆಣ್ಣಾಳು ಬೇಕಾಗಿದ್ದಾಳೆ ಎಂಬ ಜಾಹೀರಾತುಗಳಲ್ಲಿ ‘ಹಿಂಬಾಲಕರು ಇರಕೂಡದು’ ಎಂಬ ಷರತ್ತು ಸಾಮಾನ್ಯವಾಗಿತ್ತು. ಹಿಂಬಾಲಕ ಎಂದರೆ ಭಕ್ತನಲ್ಲ, ಪ್ರಿಯಕರ. ಮದುವೆಯಾದರೆ ಕೆಲಸ ಹೋಯಿತು. ಇಷ್ಟು ಬಿಗಿಯಾದ ನಿಯಮಗಳಿದ್ದರೆ ಆಟ ಕಟ್ಟುವವನಿಗೆ ಬೇರೇನೂ ಬೇಡ.

ಆಟದಲ್ಲಿ ಪ್ರೀತಿ ಮುಂದುವರಿದರೆ ಏನು ಗತಿ ಎಂಬುದಕ್ಕೂ ಅವರು ದಾರಿ ಹುಡುಕಿದ್ದಾರೆ. ಎಮ್ಮಾ ವೀಸ್ಲಾಂಡರ್ ಎಂಬ ಸ್ವೀಡಿಷ್ ಲೇಖಕಿ ಈ ಶತಮಾನದ ಆರಂಭದಲ್ಲಿ ಒಂದು ಪದ್ಧತಿ ರೂಪಿಸಿದರು: ಪ್ರಣಯ ಎಷ್ಟೇ ಗಾಢವಾಗಿರಲಿ, ಮುಟ್ಟುವುದು ಮುಖ್ಯವಾಗಿ ಕೈ ಮತ್ತು ತೋಳನ್ನು, ಉಳಿದದ್ದನ್ನೆಲ್ಲ ಕಣ್ಣು ಮತ್ತು ಉಸಿರು ಹೇಳಬೇಕು. ಇದಲ್ಲದೆ, ಯಾರಿಗಾದರೂ ಸಹಿಸಲಾಗದಿದ್ದರೆ ಕೂಗಿ ಆಟ ನಿಲ್ಲಿಸುವ ಒಂದು ಪದ, ಸ್ವಲ್ಪ ಮೆಲ್ಲಗೆ ಎನ್ನಲು ಇನ್ನೊಂದು ಪದ. ಪಾತ್ರದ ಪ್ರೀತಿ ಆಡುವವರ ಎದೆಗೂ ಇಳಿದುಬಿಡುವುದುಂಟು. ಅದಕ್ಕೂ ಅವರಲ್ಲಿ ಹೆಸರಿದೆ. ಬಟ್ಟೆಯ ಬಣ್ಣ ಒಂದರಿಂದೊಂದಕ್ಕೆ ಇಳಿದಹಾಗೆ ಎಂಬರ್ಥದ ಹೆಸರು. ಇಳಕಲ್ ಸೀರೆಯನ್ನು ಮೊದಲ ಸಲ ಒಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವೇಷ ಹಾಕುವುದು ಹಾವೇರಿ ಸೀಮೆಗೆ ಹೊಸತಲ್ಲ. ಇಲ್ಲಿ ಅದಕ್ಕೆ ಸೋಗು ಎನ್ನುತ್ತಾರೆ. ಹೋಳಿ ಹುಣ್ಣಿವೆ ಬಂತೆಂದರೆ ಹಲಗೆ ಸದ್ದಿನ ಜೊತೆ ಸೋಗಿನವರು ಬೀದಿಗಿಳಿಯುತ್ತಾರೆ. ರಾಣೆಬೆನ್ನೂರಿನದಂತೂ ಬಲು ಸೊಗಸು: ಅಲ್ಲಿ ರತಿ–ಕಾಮರು ಗೊಂಬೆಗಳಲ್ಲ, ಜೀವಂತ ಮನುಷ್ಯರು. ಶೃಂಗಾರ ಮಾಡಿಕೊಂಡು ಪೀಠದ ಮೇಲೆ ರೆಪ್ಪೆ ಅಲುಗಿಸದಂತೆ ಕೂತುಬಿಡುತ್ತಾರೆ. ಅವರನ್ನು ನಗಿಸಿದವರಿಗೆ ಬಹುಮಾನ. ಜನ ಬಂದು ಜೋಕು ಹೊಡೆಯುತ್ತಾರೆ, ಬೈಯುತ್ತಾರೆ, ಕುಣಿಯುತ್ತಾರೆ. ಕೂತವರು ಮಾತ್ರ ಕಲ್ಲು. ಗೊಟಗೋಡಿಯಲ್ಲಿ ಮನುಷ್ಯರಂತೆ ಕಾಣುವ ಗೊಂಬೆಗಳು, ಅದೇ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಗೊಂಬೆಗಳಂತೆ ಕೂರುವ ಮನುಷ್ಯರು. ಇಂಥ ಸೀಮೆಯ ಜನಕ್ಕೆ ವೇಷದಾಟವನ್ನು ಪೋಲೆಂಡಿನವರು ಕಲಿಸಬೇಕಾಗಿಲ್ಲ.

ಆಳಿನ ಬಾಯಿಗೆ ಮಾತು ಕೊಡುವುದರಲ್ಲಿಯೂ ನಮ್ಮವರು ಹಿಂದೆ ಬಿದ್ದವರಲ್ಲ. ದೊಡ್ಡಾಟದಲ್ಲಿ ರಾಜನಿಗೆ ಕಂದ, ವಚನ, ಕುಣಿತ ಎಲ್ಲ ಕಟ್ಟಿಟ್ಟದ್ದು. ಮಾಸ್ತರರ ತಾಲೀಮಿನಲ್ಲಿ ತಿಂಗಳುಗಟ್ಟಲೆ ಉರು ಹೊಡೆದದ್ದು. ಎದುರಿಗೆ ನಿಂತ ಸಾರಥಿಗೆ ಅಂಥ ಕಟ್ಟಿಲ್ಲ. ಅವನು ಆ ಹೊತ್ತಿಗೆ ತೋಚಿದ್ದು ಆಡುತ್ತಾನೆ, ರಾಜನನ್ನೇ ಅಣಕಿಸುತ್ತಾನೆ, ಊರ ಗೌಡನ ಕಡೆಗೂ ಒಂದು ಮಾತು ಎಸೆಯುತ್ತಾನೆ. ಶ್ರೀಕೃಷ್ಣ ಪಾರಿಜಾತದಲ್ಲಿ ಇನ್ನೂ ಸ್ವಾರಸ್ಯ. ಕುಲಗೋಡ ತಮ್ಮಣ್ಣನ ಈ ಆಟದ ಕಥೆ ಎಲ್ಲರಿಗೂ ಗೊತ್ತು: ನಾರದ ತಂದ ಹೂವು ರುಕ್ಮಿಣಿಯ ಮುಡಿಗೆ ಹೋಯಿತು, ಸತ್ಯಭಾಮೆಗೆ ಮುನಿಸು ಬಂತು. ಹಾಡು ಸತ್ಯಭಾಮೆಯದು. ಕೌಜಲಗಿ ನಿಂಗಮ್ಮ ಆ ಪಾತ್ರದಲ್ಲಿ ನಿಂತರೆ ಜನ ಬೆಳಕು ಹರಿದದ್ದು ಮರೆಯುತ್ತಿದ್ದರು. ಆದರೆ ನಗುವೆಲ್ಲ ದೂತಿಯದು. ಒಡತಿಯ ವಿರಹವನ್ನು ಕೃಷ್ಣನಿಗೆ ಮುಟ್ಟಿಸಲು ಹೊರಟವಳು ನಡುವೆ ನಿಂತು ಆ ವಿರಹವನ್ನೇ ಆಡಿಕೊಳ್ಳುತ್ತಾಳೆ.

ಸಂಗ್ಯಾ ಬಾಳ್ಯಾದಲ್ಲೂ ಹೀಗೆಯೇ. ಬೈಲಹೊಂಗಲದ ಕಡೆ ನಿಜವಾಗಿ ನಡೆದದ್ದೆಂದು ನಂಬಲಾದ ಆ ಕಥೆಯಲ್ಲಿ ಸಂಗ್ಯಾ ಶ್ರೀಮಂತ, ಗಂಗಿ ಇನ್ನೊಬ್ಬನ ಹೆಂಡತಿ. ಇಬ್ಬರ ನಡುವೆ ಸುದ್ದಿ ಸಾಗಿಸುವವಳು ಒಬ್ಬ ಮುದುಕಿ. ಪ್ರೀತಿ ಅವರದು, ಓಡಾಟ ಇವಳದು. ದೂತಿಗೂ ಆ ಮುದುಕಿಗೂ ತಮ್ಮದೇ ಆದ ಒಬ್ಬ ಕೃಷ್ಣ, ಒಬ್ಬ ಸಂಗ್ಯಾ ಇದ್ದಿರಬಹುದೇ ಎಂದು ರಾತ್ರಿಯಿಡೀ ಕೂತ ಸಭಿಕರಲ್ಲಿ ಯಾರೂ ಕೇಳಿದಂತಿಲ್ಲ. ನಮ್ಮ ಬಯಲಾಟ ಆಳಿಗೆ ನಾಲಿಗೆ ಕೊಟ್ಟಿತು, ಎದೆ ಕೊಡಲು ಮರೆಯಿತು.

ಆ ಎದೆಯನ್ನು ಕೊಟ್ಟದ್ದು ಕುವೆಂಪು. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಪ್ರೀತಿಸುವ ಮೂರು ಜೋಡಿಗಳಿವೆ. ಮುಕುಂದಯ್ಯ–ಚಿನ್ನಮ್ಮ ಗೌಡರ ಮಕ್ಕಳು, ಅದು ಬಿಡಿ. ಐತ–ಪೀಂಚಲು ದುಡಿದು ತಿನ್ನುವ ಆಳುಗಳು. ಇನ್ನು ಗುತ್ತಿ–ತಿಮ್ಮಿ. ಗುತ್ತಿ ಸಿಂಬಾವಿ ಹೆಗ್ಗಡೆಯವರ ಹೊಲೆಯಾಳು, ಹುಲಿಯ ಎಂಬ ನಾಯಿಯ ಒಡೆಯ. ತಿಮ್ಮಿ ಬೆಟ್ಟಳ್ಳಿಯ ಆಳುಮಗಳು. ಇಬ್ಬರದೂ ಒಂದೇ ಜಾತಿ, ಆದರೆ ಧಣಿಗಳು ಬೇರೆ. ಹಾಗಾಗಿ ಗುತ್ತಿ ಅವಳನ್ನು ಹಾರಿಸಿಕೊಂಡು ಹೋದದ್ದು ಬರಿಯ ಪ್ರೇಮಪ್ರಸಂಗವಾಗಿ ಉಳಿಯುವುದಿಲ್ಲ, ಒಬ್ಬ ಧಣಿಯ ಸೊತ್ತು ಇನ್ನೊಬ್ಬನ ಹಟ್ಟಿಗೆ ಹೋದ ಪ್ರಕರಣವಾಗುತ್ತದೆ. ಇಂಗ್ಲಿಷ್ ದೊಡ್ಡಮನೆಯ ಯಾವ ಕಥೆಯಲ್ಲೂ ಈ ಗಂಟು ಸಿಗುವುದಿಲ್ಲ. ಅಲ್ಲಿನ ಹೆಣ್ಣಾಳು ಪ್ರೀತಿಸಿದರೆ ಕೆಲಸ ಕಳೆದುಕೊಳ್ಳುತ್ತಾಳೆ. ತಿಮ್ಮಿ ಪ್ರೀತಿಸಿದರೆ ಧಣಿ ತಿಮ್ಮಿಯನ್ನು ಕಳೆದುಕೊಳ್ಳುತ್ತಾನೆ.

ಸಿ. ಬಸವಲಿಂಗಯ್ಯ 2010ರಲ್ಲಿ ಮೈಸೂರಿನ ರಂಗಾಯಣಕ್ಕಾಗಿ ಈ ಕಾದಂಬರಿಯನ್ನು ಇರುಳಿಡೀ, ಒಂಬತ್ತು ತಾಸು ಆಡಿಸಿದರು. ರಂಗರೂಪ ಕೆ.ವೈ. ನಾರಾಯಣಸ್ವಾಮಿ ಅವರದು, ಸಂಗೀತ ಹಂಸಲೇಖ ಅವರದು. ಬೆಂಗಳೂರಿನ ಕಲಾಗ್ರಾಮದಲ್ಲಿಯೂ ಅದು ಮತ್ತೆ ಮತ್ತೆ ನಡೆಯಿತು. ಜನ ಒಂದು ರಂಗದಿಂದ ಎದ್ದು ಇನ್ನೊಂದಕ್ಕೆ ಕತ್ತಲಲ್ಲಿ ನಡೆದು ಹೋಗಬೇಕಿತ್ತು. ಕೈಯಲ್ಲಿ ಚಾಪೆ, ಹೆಗಲ ಮೇಲೆ ಶಾಲು, ನಿದ್ದೆಗಣ್ಣು. ಗುತ್ತಿಯೂ ತಿಮ್ಮಿಯೂ ಕಾಡಿನಲ್ಲಿ ನಡೆಯುತ್ತಾರೆ, ನೋಡುವವರೂ ನಡೆಯುತ್ತಾರೆ. ವೇಷವಿಲ್ಲದಿದ್ದರೇನು, ಅಷ್ಟು ಹೊತ್ತಿಗೆ ಅವರೂ ಅರ್ಧ ಆಟದೊಳಗಿದ್ದರು.

ಇನ್ನು ನಮ್ಮ ಬಯಲುಸೀಮೆಯ ವಾಡೆಗಳಿಗೆ ಬರೋಣ. ಹಿಂದೆ ಇಲ್ಲಿ ಆಳಿನ ವರ್ಷ ಯುಗಾದಿಯಿಂದ ಯುಗಾದಿಗೆ. ಪಾಡ್ಯಕ್ಕೆ ಮಾತುಕತೆ: ಇಷ್ಟು ಜೋಳ, ಇಷ್ಟು ರೊಕ್ಕ, ಒಂದು ಜೊತೆ ಬಟ್ಟೆ, ಒಂದು ಕಂಬಳಿ, ಒಂದು ಜೋಡು ಕೆರ. ಸಂಬಳದಾಳು ಎಂದರೆ ಇಷ್ಟು. ಜೀತದಾಳಿನದು ಬೇರೆ, ಅವನಿಗೆ ಯುಗಾದಿ ಬರುತ್ತಿತ್ತು, ಬಿಡುಗಡೆ ಬರುತ್ತಿರಲಿಲ್ಲ. ಅವನು ಜೀತಕ್ಕೆ ಬಿದ್ದದ್ದು ಯಾಕೆ ಎಂದು ಹಳೆಯ ಲೆಕ್ಕ ತೆಗೆದರೆ ಬಹಳ ಸಲ ಸಿಗುವ ಕಾರಣ ಒಂದೇ, ಮದುವೆ. ಲಗ್ನದ ಅಕ್ಕಿ, ತಾಳಿ, ಸೀರೆಗೆಂದು ಗೌಡರಲ್ಲಿ ಎತ್ತಿದ ಸಾಲ. ಸಾಲಕ್ಕೆ ದುಡಿತ, ದುಡಿತದ ಮೇಲೆ ಬಡ್ಡಿ, ಮಗ ಬೆಳೆದರೆ ಅವನೂ ದನದ ಹಿಂದೆ. ದೇಶದಲ್ಲಿ ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅದರ ಮುಂಚಿನ ಪ್ರಪಂಚದಲ್ಲಿ ಪ್ರೀತಿಗೆ ಬೆಲೆ ಇತ್ತು ಎಂದರೆ ಅದು ಮಾತಿನ ಚಮತ್ಕಾರವಲ್ಲ. ಗೌಡರ ಖಾತೆ ಪುಸ್ತಕದಲ್ಲಿ ಬರೆದಿಟ್ಟ ಮೊತ್ತ.

ಇನ್ನೊಂದು ವಿಚಾರವಿದೆ. ಇಂಗ್ಲಿಷ್ ದೊಡ್ಡಮನೆಯ ಆಳುಗಳು ಸಾಮಾನ್ಯವಾಗಿ ಒಂದೇ ಕೋಣೆಯಲ್ಲಿ, ಒಂದೇ ಉದ್ದನೆಯ ಮೇಜಿಗೆ ಕೂತು ಉಣ್ಣುತ್ತಿದ್ದರು. ಹಿರಿಯಾಳು ಮೊದಲು, ಕಿರಿಯಾಳು ಕೊನೆಗೆ. ಆದರೆ ಮೇಜು ಒಂದೇ. ಅವರ ಪ್ರೇಮಕಥೆಗಳೆಲ್ಲ ಆ ಮೇಜಿನ ಮೇಲೆಯೇ ಹುಟ್ಟುತ್ತವೆ. ನಮ್ಮ ವಾಡೆಯಲ್ಲಿ ಅಂಥ ಮೇಜು ಎಲ್ಲಿ? ಅಡುಗೆಮನೆಯವಳು ಒಳಗೆ, ಕಸಮುಸುರೆಯವಳು ಹಿತ್ತಿಲಲ್ಲಿ, ದನ ಕಾಯುವವನು ದನದ ಕೊಟ್ಟಿಗೆಯಲ್ಲಿ, ಇನ್ನೂ ಕೆಲವರು ಅಂಗಳದ ಆಚೆ. ಅವರಿಗೆ ರೊಟ್ಟಿ ಮೇಲಿನಿಂದ ಕೈಗೆ ಬೀಳುತ್ತಿತ್ತು, ನೀರನ್ನು ಬೊಗಸೆಗೆ ಹೊಯ್ಯುತ್ತಿದ್ದರು. ಆಳು ಆಳಿನ ನಡುವೆ ಗೌಡ ಗೋಡೆ ಕಟ್ಟಬೇಕಾಗಿರಲಿಲ್ಲ, ಹುಟ್ಟುವಾಗಲೇ ಕಟ್ಟಿಕೊಂಡು ಬಂದಿದ್ದರು. ಸಿಮೆಂಟಿನ ಊರಿನಲ್ಲಿ ಎಲ್ಲ ಗೊಂಬೆಗಳ ಮೇಲೂ ಒಂದೇ ಬಿಸಿಲು; ಈ ಗೋಡೆಗಳು ಕಣ್ಣಿಗೆ ಬೀಳುವುದಿಲ್ಲ. ನೋಡಲು ಬಂದವರು ‘ಎಷ್ಟ್ ಚಂದ ಇತ್ರೀ ಆಗಿನ ಕಾಲ’ ಎನ್ನುತ್ತಾರೆ. ಅದು ಶಿಲ್ಪಿಯ ತಪ್ಪಲ್ಲ. ಗೊಂಬೆಗೆ ಭಂಗಿ ಕೊಡಬಹುದು, ಮೈಲಿಗೆಯನ್ನು ಹೇಗೆ ಎರಕ ಹೊಯ್ಯುವುದು?

ಅದಕ್ಕೇ ನನಗೆ ಅನಿಸುವುದು, ಇಂಥದೊಂದು ವೇಷದಾಟವನ್ನು ಗೊಟಗೋಡಿಯಲ್ಲಿ ಆಡಬೇಕು. ಪಕ್ಕದಲ್ಲೇ ಜಾನಪದ ವಿಶ್ವವಿದ್ಯಾಲಯವಿದೆ, ಹಂತಿ ಪದದಿಂದ ಬೀಸುವ ಪದದವರೆಗೆ ಬಲ್ಲ ಹುಡುಗ ಹುಡುಗಿಯರಿದ್ದಾರೆ. ಮೂರು ದಿನ ಸಾಕು. ಒಬ್ಬಳಿಗೆ ಬೀಸುಕಲ್ಲು ಕೊಡಿ, ಸುಳ್ಳು ಸುಳ್ಳು ಬೀಸುವುದಲ್ಲ, ನಾಲ್ಕು ಸೇರು ಜೋಳ ಹಿಟ್ಟಾಗಬೇಕು. ಒಬ್ಬನಿಗೆ ನಸುಕಿನಲ್ಲಿ ಸಗಣಿ ಬಳಿಯುವ ಕೆಲಸ. ಪಾತ್ರದ ಚೀಟಿಯಲ್ಲಿ ‘ನಿನಗೆ ಅವಳ ಮೇಲೆ ಮನಸ್ಸಿದೆ’ ಎಂದಷ್ಟೇ ಬರೆದರೆ ಸಾಲದು, ‘ನಿನ್ನಪ್ಪನ ಸಾಲ ಇಷ್ಟಿದೆ’ ಎಂದೂ ಬರೆಯಬೇಕು. ಗೌಡನಾದವನ ಕೈಗೆ ಬಾರಕೋಲು ಬೇಡ, ಒಂದು ಖಾತೆ ಪುಸ್ತಕ ಸಾಕು. ಯಾರು ಯಾವ ಬಾಗಿಲು ದಾಟಬಾರದು ಎಂಬುದನ್ನು ಹೇಳಿಕೊಡುವುದೇ ಬೇಡ. ಆಡುವವರಿಗೆ ಅದು ಎಷ್ಟು ಬೇಗ ನೆನಪಾಗುತ್ತದೆ ಎಂಬುದೇ ನೋಡಬೇಕಾದದ್ದು. ಸ್ವೀಡನ್ನಿನವರ ಕೈ–ತೋಳಿನ ನಿಯಮ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಅವರಿಗೆ ಮುಟ್ಟುವುದು ಪ್ರೀತಿಯ ಕಡಿಮೆ ರೂಪ. ಬೊಗಸೆಗೆ ಮೇಲಿನಿಂದ ನೀರು ಹೊಯ್ಯುವ ಮನೆಯಲ್ಲಿ, ಹೊಯ್ಯುವಾಕೆಯ ತಂಬಿಗೆ ಒಂದು ದಿನ ಅವನ ಬೆರಳಿಗೆ ತಾಗಿತು ಎಂದರೆ ಅದಕ್ಕಿಂತ ಹೆಚ್ಚಿನದೇನೂ ಆಗಬೇಕಾಗಿಲ್ಲ.

ಎಲ್ಲಕ್ಕಿಂತ ಕಷ್ಟವಾಗುವುದು ಗೌಡನ ಪಾತ್ರಕ್ಕೆ ಜನ ಸಿಗುವುದಲ್ಲ, ಅದಕ್ಕೆ ಪೈಪೋಟಿಯೇ ನಡೆದೀತು. ನಿಜವಾಗಿ ಅಂಥ ಹಿತ್ತಿಲಿನಿಂದ ಬಂದ ಹುಡುಗನೊಬ್ಬನಿಗೆ ಆಳಿನ ಚೀಟಿ ಬಂದರೆ? ಅವನಿಗೆ ಅದು ವೇಷವೇ? ನಿಲ್ಲಿಸು ಎಂಬ ಪದವನ್ನು ಅವನ ಅಜ್ಜ ಯಾರ ಮುಂದೆ ಕೂಗಬೇಕಿತ್ತು? ಚೀಟಿಗಳನ್ನು ಅದಲುಬದಲು ಮಾಡಬಹುದು, ಗೌಡರ ಮೊಮ್ಮಗನಿಗೆ ಸಗಣಿ ಬುಟ್ಟಿ ಕೊಡಬಹುದು. ಆಟದ ಗುಣವೇ ಅದಲ್ಲವೆ. ಆದರೂ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲದ್ದರಿಂದ ನನ್ನ ಆಟ ಇನ್ನೂ ಕಾಗದದ ಮೇಲೇ ಇದೆ.

ಅಷ್ಟರಲ್ಲಿ ವಾಡೆಯ ಮುಂದೆ ಊಟದ ಹೊತ್ತಾಗಿತ್ತು. ಹುಡುಗಿ ಮೊರ ಕೆಳಗಿಟ್ಟು ಮೊಬೈಲ್ ಇಸಿದುಕೊಂಡಳು. ಮದುಮಗ ಪಟಗಾ ಬಿಚ್ಚಿ, ‘ಇದರ ಭಾರಕ್ಕ ತಲಿನೋವು ಬಂತ್ರಿ’ ಎಂದ. ಅವರ ಮನೆಯವರು ನೆರಳಿನಲ್ಲಿ ಜಮಖಾನೆ ಹಾಸಿ ಬುತ್ತಿ ಬಿಚ್ಚಿದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಫೋಟೊಗ್ರಾಫರನನ್ನೂ ಕರೆದು ಕೂರಿಸಿದರು. ಬೆಳ್ಳಿ ಹಾಳೆಯ ಹುಡುಗ ಮಾತ್ರ ಕಾಣಲಿಲ್ಲ.

ನೀರು ಕುಡಿಯಲೆಂದು ಆಚೆ ಹೋದಾಗ ಸಿಮೆಂಟಿನ ಚಕ್ಕಡಿಯ ಹಿಂದೆ ಅವನಿದ್ದ. ಹಾಳೆಯನ್ನು ಗಾಲಿಗೆ ಆನಿಸಿಟ್ಟು, ಎತ್ತಿನ ಕೋಡು ಹಿಡಿದು ನಿಂತು, ಫೋನನ್ನು ಕಿವಿಗೆ ಒತ್ತಿಕೊಂಡಿದ್ದ. ದನಿ ಬಹಳ ಸಣ್ಣದಾಗಿತ್ತು.

‘ಹೂಂ... ಅರ್ಧಾ ತಾಸು ಬಿಟ್ಟಾರ. ನಿಮ್ಮ ಅಕ್ಕಾರು ಮಲಗ್ಯಾರೇನು? ... ಭಾಂಡಿ ಆಮ್ಯಾಲ ತಿಕ್ಕುವಂತಿ, ಮೊದಲ ಉಣ್ಣು.’

ನಾನು ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದಕ್ಕೆ ಹೋದೆ. ‘ಏ, ಲೈಟಾ! ಎಲ್ಲಿ ಹ್ವಾದ್ಯೋ?’ ಎಂದು ಫೋಟೊಗ್ರಾಫರ್ ಕೂಗುತ್ತಿದ್ದ.